ನಸುಗುನ್ನಿ ಪುಡಿ ಕೇಳುವವರಿಗೆ, ಇನ್ನೊಂದು ಸಲ

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 66 ವರ್ಷ, ಪಾರ್ಕಿನ್ಸನ್ (ಕೈ ನಡುಗಿ, ಮೈ ಬಿಗಿದು, ನಡಿಗೆ ನಿಧಾನವಾಗುವ ಕಾಯಿಲೆ) ಇದೆ. ನಿಮ್ಮ ಮಾತ್ರೆಯಲ್ಲಿರೋದೂ ನಸುಗುನ್ನಿಯೇ, ಪುಡಿ ತಿಂದರೆ ಸೈಡ್ ಎಫೆಕ್ಟ್ ಇಲ್ಲ ಎಂದು ನೆಂಟರೊಬ್ಬರು ಹೇಳಿದರು. ಮಾತ್ರೆ ಅರ್ಧ ಮಾಡಿ, ದಿನಕ್ಕೆರಡು ಚಮಚ ಪುಡಿ ಕೊಡುತ್ತಿದ್ದೇವೆ. ಮಾತ್ರೆ ಪೂರ್ತಿ ನಿಲ್ಲಿಸಬಹುದಾ? (ಹೊಸನಗರ)

ಉತ್ತರ: ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಮೈ ಮರಗಟ್ಟಿ, ಜ್ವರ ಏರಿ, ಐಸಿಯುಗೆ ಹೋಗುವ ಸ್ಥಿತಿ ಬರಬಹುದು. ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಪುಡಿಯ ವಿಷಯ ಹೇಳಿ.

ನಿಮ್ಮ ನೆಂಟರ ಮಾತು ಪೂರ್ತಿ ಸುಳ್ಳಾಗಿದ್ದರೆ ತಳ್ಳಿಹಾಕಿ ಸುಮ್ನಿರಬಹುದಿತ್ತು. ಅರ್ಧ ನಿಜ ಇರೋದೇ ತಲೆನೋವು. ಮುಟ್ಟಿದರೆ ಮೈಯೆಲ್ಲ ತುರಿಸುವ ಆ ಕಾಯಿಯ ಬೀಜದಲ್ಲಿ ಲೆವೊಡೋಪಾ ಇದೆ, ನಿಮ್ಮ ತಂದೆಯ ಮಾತ್ರೆಯಲ್ಲಿರುವ ಔಷಧಿಯೂ ಅದೇ. ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು 1937ರಲ್ಲೇ ಅದನ್ನು ಬೇರ್ಪಡಿಸಿದ್ದರು. 1957ರಲ್ಲಿ ಸ್ವೀಡನ್ನಿನ ವಿಜ್ಞಾನಿ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟರು. ಅದು ಸರ್ಪಗಂಧಿ ಬೇರಿನಲ್ಲಿರುವ ವಸ್ತು, ಅದೂ ನಮ್ಮ ಕಡೆಯ ಗಿಡವೇ. ಮೊಲಗಳು ಅಲ್ಲಾಡದೆ ಬಿದ್ದುಕೊಂಡವು. ಲೆವೊಡೋಪಾ ಚುಚ್ಚಿದಾಗ ಎದ್ದು ಓಡಾಡಿದವು. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು. ಒಂದು ಗಿಡ ಕಟ್ಟಿಹಾಕಿತು, ಇನ್ನೊಂದರಲ್ಲಿರುವ ವಸ್ತು ಬಿಡಿಸಿತು. 'ಗಿಡಮೂಲಿಕೆ ಏನೂ ಮಾಡಲ್ಲ' ಎನ್ನುವವರು ಆ ಮೊಲಗಳನ್ನು ಕೇಳಬೇಕು.

ಹಾಗಾದರೆ ಪುಡಿಗೆ ಏನು ತಕರಾರು? ಬರೀ ಲೆವೊಡೋಪಾ ನುಂಗಿದರೆ ಬಹುಪಾಲು ಮಿದುಳು ಸೇರುವ ಮೊದಲೇ ಡೋಪಮಿನ್ ಆಗಿಬಿಡುತ್ತದೆ. ಡೋಪಮಿನ್ ಅಂದರೆ ಪಾರ್ಕಿನ್ಸನ್ ಇರುವವರ ಮಿದುಳಿನಲ್ಲಿ ಕಡಿಮೆಯಾಗುವ ವಸ್ತು, ಅದು ಮಿದುಳಿನೊಳಗೇ ಆಗಬೇಕು. ಹೊರಗೇ ಆದರೆ ಇಷ್ಟು ತೊಂದರೆ: ವಾಕರಿಕೆ, ವಾಂತಿ, ಎದ್ದು ನಿಂತಾಗ ತಲೆಸುತ್ತು. ಅದನ್ನು ತಡೆಯಲೆಂದೇ ಮಾತ್ರೆಯಲ್ಲಿ ಕಾರ್ಬಿಡೋಪಾ ಸೇರಿಸಿರುತ್ತಾರೆ. ಪುಡಿಯಲ್ಲಿ ಅದಿಲ್ಲ. 2018ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ 14 ಜನರಿಗೆ ಅಳತೆ ಮಾಡಿಯೇ ಪುಡಿ ಕೊಟ್ಟಿದ್ದರು. ತಡೆದುಕೊಂಡವರಿಗೆ ಮಾತ್ರೆಯಷ್ಟೇ ಗುಣ ಕಂಡಿತು. ಆದರೆ 7 ಜನ ಹೊಟ್ಟೆ ಕೆಟ್ಟೋ, ಕಾಯಿಲೆ ಜಾಸ್ತಿಯಾಗಿಯೋ ಅರ್ಧಕ್ಕೇ ಬಿಟ್ಟರು.

ಇನ್ನು ನಿಮ್ಮ ಎರಡು ಚಮಚದ ಲೆಕ್ಕ. ಮಾತ್ರೆಯಲ್ಲಿ 100 ಮಿಲಿಗ್ರಾಂ ಅಂದರೆ 100. ಗ್ರಂಧಿಗೆ ಅಂಗಡಿಯ ಪುಡಿಯಲ್ಲಿ ಎಷ್ಟು? ಕೊಟ್ಟವನಿಗೂ ಗೊತ್ತಿಲ್ಲ. ಔಷಧಿ ಅದೇ ಆದಮೇಲೆ ಸೈಡ್ ಎಫೆಕ್ಟೂ ಅದೇ ಅಲ್ವಾ? ಜಾಸ್ತಿಯಾದರೆ ಕೈಕಾಲು ತಾನಾಗಿಯೇ ಹೊರಳುತ್ತವೆ, ಇಲ್ಲದ ಜನ ಮನೆಯೊಳಗೆ ಓಡಾಡಿದಂತೆ ಕಾಣುತ್ತದೆ. ಆಗ ಅದೇ ನೆಂಟರು 'ಗಾಳಿ ಸೋಕಿದೆ' ಅಂತ ಇನ್ನೊಬ್ಬರ ಹತ್ತಿರ ಕರೆದೊಯ್ಯುತ್ತಾರೆ.

ಮಾತ್ರೆ ಕೆಲಸ ಮಾಡ್ತಿಲ್ಲ ಅನಿಸಿದ್ದಕ್ಕೇ ಪುಡಿಗೆ ಹೋಗಿದ್ದರೆ, ಮೊದಲು ಮಾತ್ರೆಯನ್ನು ಹೇಗೆ ನುಂಗುತ್ತಿದ್ದಾರೆ ನೋಡಿ. ಊಟಕ್ಕೆ ಅರ್ಧ ಗಂಟೆ ಮೊದಲು, ನೀರಿನ ಜೊತೆ. ಹಾಲು, ಮೊಟ್ಟೆ, ಮೀನಿನ ಪ್ರೊಟೀನ್ ಅದಕ್ಕೆ ಅಡ್ಡ ಬರುತ್ತದೆ. ಯಾವ ಗಂಟೆಗೆ ಮಾತ್ರೆ, ಯಾವಾಗ ಮೈ ಸಡಿಲ, ಯಾವಾಗ ಮತ್ತೆ ಬಿಗಿ ಅಂತ ಅಡಿಕೆ ಲೆಕ್ಕದ ಪುಸ್ತಕದಲ್ಲೇ ತಂದೆಯ ಕೈಯಿಂದ ಬರೆಸಿ ಡಾಕ್ಟರಿಗೆ ತೋರಿಸಿ. ಅಕ್ಷರ ಸಾಲಿನ ಕೊನೆಗೆ ಹೋಗ್ತಾ ಸಾಸಿವೆಯಷ್ಟಾಗಿದ್ದರೆ, ಓದುವ ಮೊದಲೇ ಡಾಕ್ಟರಿಗೆ ಡೋಸ್ ಬಗ್ಗೆ ಅನುಮಾನ ಬರುತ್ತದೆ. ಅಕ್ಷರ ಕುಗ್ಗುವುದೂ ಈ ಕಾಯಿಲೆಯ ಲಕ್ಷಣವೇ.

ಪ್ರಶ್ನೆ: ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದ ಪಾರ್ಕಿನ್ಸನ್ ಪೂರ್ತಿ ವಾಸಿಯಂತೆ, ತೋಟ ಅಡವಿಟ್ಟಾದರೂ ಮಾಡಿಸೋಣವಾ? (ತೀರ್ಥಹಳ್ಳಿ)

ಉತ್ತರ: ತೋಟ ಉಳಿಸಿಕೊಳ್ಳಿ.

ಪ್ರಶ್ನೆ: ಐದು ವರ್ಷದ ಹಿಂದೆ ಮಂಗನ ಕಾಯಿಲೆ ಬಂದು ವಾಸಿಯಾಗಿತ್ತು. ಈ ವರ್ಷ ಕೈ ನಡುಕ ಶುರುವಾಗಿದೆ. ಅದರಿಂದಲೇ ಇರಬಹುದಾ? (ಸೊರಬ)

ಉತ್ತರ: ಆ ಕಾಯಿಲೆಯ ನಡುಕ ಜ್ವರದ ಆಸುಪಾಸಿನಲ್ಲೇ ಬರುವಂಥದ್ದು. ಬೇರೆ ಕಾರಣ ಹುಡುಕಿಸಿ.

ಪ್ರಶ್ನೆ: ಅಮ್ಮನಿಗೆ ಆರು ತಿಂಗಳಿಂದ ಕೈ ನಡುಕ, ನಡಿಗೆ ನಿಧಾನ. ಗ್ಯಾಸ್ ಮಾತ್ರೆ ಬಿಟ್ಟರೆ ಬೇರೇನೂ ತಗೊಳ್ಳಲ್ಲ. (ಸಾಗರ)

ಉತ್ತರ: ಆ 'ಬೇರೇನೂ ಇಲ್ಲ' ಎನ್ನುವ ಮಾತ್ರೆಯೇ ನನಗೆ ಬೇಕಾದದ್ದು. ಹಲವು ಗ್ಯಾಸ್ ಮಾತ್ರೆಗಳಲ್ಲಿ ಲೆವೊಸಲ್ಪಿರೈಡ್ ಸೇರಿರುತ್ತದೆ. ಅದು ಡೋಪಮಿನ್ ಕೆಲಸಕ್ಕೇ ತಡೆ ಹಾಕುತ್ತದೆ. ಥೇಟ್ ಪಾರ್ಕಿನ್ಸನ್ನಿನಂತೆಯೇ ಕಾಣಿಸುತ್ತದೆ. ತಲೆಸುತ್ತಿಗೆ ಕೊಡುವ ಸಿನ್ನಾರಿಜಿನ್, ಫ್ಲುನಾರಿಜಿನ್ ಕೂಡ ಹಾಗೆಯೇ. ಬಿಟ್ಟರೆ ಹೆಚ್ಚಿನವರಲ್ಲಿ ವಾರಗಳಲ್ಲೋ ತಿಂಗಳುಗಳಲ್ಲೋ ಕಡಿಮೆಯಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಹೆಸರು ಹೇಳಿ ವರ್ಷಗಟ್ಟಲೆ ತರುವ ಅಭ್ಯಾಸ ದಯವಿಟ್ಟು ಬಿಡಿ. ಹತ್ತಿರದ ಡಾಕ್ಟರ ಬಳಿ ಹೋಗುವಾಗ ಸ್ಟ್ರಿಪ್ ತಗೊಂಡು ಹೋಗಿ, ಖಾಲಿಯಾದದ್ದಾದರೂ ಸರಿ.