ಕಟ್ಟದೇ ಉಳಿದ ಕಮಾನು, ಕಟ್ಟಿ ಉಳಿದ ತೂಕ

ನಗರದ ಚಹರೆ ಬದಲಿಸಲು ಯೋಜಿಸಿ ಕೊನೆಗೆ ಕಟ್ಟದೇ ಬಿಟ್ಟ ಕಟ್ಟಡಗಳಲ್ಲಿ ಅತಿ ಕುತೂಹಲದ್ದು ಯಾವುದು ಎಂದು ಕೇಳಿದ್ದೀರಿ. ದಾವಣಗೆರೆ ಸುತ್ತಮುತ್ತ ಮನೆ ಕಟ್ಟುವವರಿಗೆ ಮಣ್ಣು ಪರೀಕ್ಷೆ ಮಾಡಿಕೊಡುವುದು ನನ್ನ ಕಸುಬು. ಹಾಗಾಗಿ ನನ್ನ ಕಣ್ಣು ಗೋಪುರದ ತುದಿಗಿಂತ ಮೊದಲು ಬುಡಕ್ಕೇ ಹೋಗುತ್ತದೆ. ನನ್ನ ಆಯ್ಕೆ ಬರ್ಲಿನ್ನಿನ ವಿಜಯ ಕಮಾನು.

ಹಿಟ್ಲರನ ವಾಸ್ತುಶಿಲ್ಪಿ ಆಲ್ಬರ್ಟ್ ಸ್ಪೀರ್ ಬರ್ಲಿನ್ನಿಗೆ ಹೊಸ ನಕ್ಷೆ ಬರೆದಿದ್ದ. ಅದರಲ್ಲಿದ್ದ ಕಮಾನಿನ ಬಾಗಿಲೊಳಗೆ ಪ್ಯಾರಿಸ್ಸಿನ ಪ್ರಸಿದ್ಧ ಕಮಾನು ಸಲೀಸಾಗಿ ನಿಲ್ಲಬಹುದಿತ್ತು. ಆದರೆ ಅಷ್ಟು ಭಾರವನ್ನು ಆ ನೆಲ ಹೊರುತ್ತದೆಯೇ? ನೋಡಿಯೇ ಬಿಡೋಣವೆಂದು 1941ರಲ್ಲಿ 12,650 ಟನ್ ತೂಕದ ಕಾಂಕ್ರೀಟ್ ಕಂಬವನ್ನು ಎಬ್ಬಿಸಿದರು. ಫ್ರೆಂಚ್ ಯುದ್ಧಕೈದಿಗಳನ್ನೂ ದುಡಿಸಿಕೊಂಡರು. ತಲೆ ದಪ್ಪ, ಕಾಲು ಸಣ್ಣ, ಅಣಬೆಯ ಆಕಾರ: ಇಡೀ ಭಾರ ಕಿರಿದಾದ ಜಾಗದ ಮೇಲೆ ಬೀಳಲಿ ಎಂದು. ಮೂರು ವರ್ಷದೊಳಗೆ ಅದು ಸುಮಾರು 19 ಸೆಂಟಿಮೀಟರ್ ಕುಸಿಯಿತು. 6 ಸೆಂಟಿಮೀಟರ್ ದಾಟಬಾರದಿತ್ತು. ಅಷ್ಟರಲ್ಲಿ ಯುದ್ಧವೇ ಯೋಜನೆಯನ್ನು ಮುಗಿಸಿತ್ತು. ಸುತ್ತ ಮನೆಗಳಿದ್ದುದರಿಂದ ಸಿಡಿಸಲಾಗದೆ ಆ ಕಂಬ ಇಂದಿಗೂ ಅಲ್ಲೇ ನಿಂತಿದೆ. ಆ ಆಡಳಿತದ ಬಗ್ಗೆ ನನಗೆ ಹೇಸಿಗೆಯೇ ಇದೆ. ಪರೀಕ್ಷೆಯ ಫಲಿತಾಂಶ ಮಾತ್ರ ಬಲು ಇಷ್ಟ.

ಇಲ್ಲಿ ಎರಡಂತಸ್ತಿನ ಮನೆಗೆ ಪರೀಕ್ಷೆ ಮಾಡಿಸಿ ಎಂದರೆ "ದುಡ್ಡು ದಂಡ" ಎನ್ನುತ್ತಾರೆ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಟ ಮೇಲೆ ನನಗೆ ಫೋನು ಬರುತ್ತದೆ. ಬುಡ ಅಗಲಿಸಿದ ಪೈಲುಗಳನ್ನು, ಅಂದರೆ ನೆಲದೊಳಗಿನ ಕಾಂಕ್ರೀಟ್ ಕಂಬಗಳನ್ನು, ಮಳೆ ಬಿಸಿಲು ತಾಗದ ಆಳಕ್ಕೆ ಮೊದಲೇ ಇಳಿಸಿದ್ದರೆ ಆ ಫೋನೇ ಬೇಕಿರಲಿಲ್ಲ.

ಲಂಡನ್ನಿನ ವೆಂಬ್ಲಿಯ ಕತೆಯೂ ಇದೇ ಜಾತಿಯದು. ರೈಲ್ವೆ ಧಣಿ ಎಡ್ವರ್ಡ್ ವಾಟ್ಕಿನ್ ಐಫೆಲ್ ಗೋಪುರವನ್ನು ಮೀರಿಸಲು ಹೊರಟ, ನಕ್ಷೆ ಮಾಡಿಕೊಡೆಂದು ಸ್ವತಃ ಐಫೆಲ್‌ನನ್ನೇ ಕೇಳಿದ! ಆತ ಒಪ್ಪಲಿಲ್ಲ. ಬೇರೆಯವರ ನಕ್ಷೆಯಲ್ಲಿ ಎದ್ದ ಗೋಪುರ 47 ಮೀಟರಿಗೆ ನಿಂತಿತು. ಬುಡ ಜರುಗತೊಡಗಿತು, ಹಣವೂ ಬರಿದಾಯಿತು. 1907ರಲ್ಲಿ ಕೆಡವಿದರು. ಆ ಜಾಗದಲ್ಲೇ ಮುಂದೆ ಕ್ರೀಡಾಂಗಣ ಬಂತು. ಅದನ್ನು ಹೊಸದಾಗಿ ಕಟ್ಟುವಾಗ ಹಳೆಯ ಅಡಿಪಾಯದ ಕಾಂಕ್ರೀಟು ಸಿಕ್ಕಿತು.

ಫ್ರಾಂಕ್ ಲಾಯ್ಡ್ ರೈಟ್ 1956ರಲ್ಲಿ ಷಿಕಾಗೋಗೆ ಬರೆದ ಒಂದು ಮೈಲಿ ಎತ್ತರದ, 528 ಅಂತಸ್ತಿನ ಗೋಪುರವನ್ನು ಬೇರೆಯವರು ಮೊದಲಿಗೆ ಹೆಸರಿಸಬಹುದು. ಚಿತ್ರ ಚೆನ್ನಾಗಿದೆ. ಒಂದು ಬುಟ್ಟಿ ಮಣ್ಣೂ ಅಗೆಯದ ಯೋಜನೆಗೆ ನನ್ನ ಪಟ್ಟಿಯಲ್ಲಿ ಮೂರನೆಯ ಸ್ಥಾನ.