ಎಂಬತ್ತು ಸಾವಿರ ಸಂಬಳ, ತಿಂಗಳ ಕೊನೆಗೆ ಅವ್ವನಿಗೆ ಫೋನ್

ಕಳೆದ ಸಂಚಿಕೆಯಲ್ಲಿ 'ಜಾಸ್ತಿ ಸಂಬಳ ಅಂದ್ರೆ ಎಷ್ಟು?' ಎಂದು ಸುಮ್ನೆ ಒಂದು ಸಾಲು ಕೇಳಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ತಮ್ಮ ಸಂಬಳದ ಬಗ್ಗೆ ಅಲ್ಲ, ಪಕ್ಕದ ಮನೆಯವರ ಮಗನ ಸಂಬಳದ ಬಗ್ಗೆ! ಬ್ಯಾಂಕಿನಲ್ಲಿ ಸಾಲದ ಟೇಬಲ್ಲಿನ ಹಿಂದೆ ಬಹಳ ವರ್ಷ ಕೂತವನು ನಾನು, ಇದರಲ್ಲಿ ನನಗೆ ಆಶ್ಚರ್ಯವೇನಿಲ್ಲ. ಕೆಲವು ಪತ್ರಗಳಿಗೆ ಉತ್ತರ ಇಲ್ಲಿದೆ.

ನಮ್ಮ ಮಗನಿಗೆ ಬೆಂಗಳೂರಿನಲ್ಲಿ ತಿಂಗಳಿಗೆ 80 ಸಾವಿರ. ಭಾವನ ಮಗ ಮಡಿಕೇರಿಯಲ್ಲಿ ಸರ್ಕಾರಿ ಕೆಲಸದಲ್ಲಿದ್ದಾನೆ, ಅವನಿಗೆ 36 ಸಾವಿರ. ಅವನು ಹೋದ ವರ್ಷ ಕಾರು ತಗೊಂಡ. ನಮ್ಮವನು 25ನೇ ತಾರೀಕಿಗೆ ಫೋನ್ ಮಾಡಿ 'ಅವ್ವಾ, ಒಂದೈದು ಸಾವಿರ ಹಾಕು' ಅನ್ನುತ್ತಾನೆ. ದುಡ್ಡು ಎಲ್ಲಿಗೆ ಹೋಗುತ್ತಿದೆ ಅಂತ ಅನುಮಾನ.
— ಒಬ್ಬ ತಾಯಿ, ನಾಪೋಕ್ಲು

ಅನುಮಾನ ಆಮೇಲೆ ಪಡೋಣ ಅಕ್ಕಾ, ಮೊದಲು ಲೆಕ್ಕ. ಆ 80 ಸಾವಿರ ಅವನ ಕೈಗೆ ಬರುವುದಾ, ಆಫರ್ ಲೆಟರಿನಲ್ಲಿ ಬರೆದಿರುವುದಾ? ಕಂಪನಿಯವರು ಸಿಟಿಸಿ (ಒಬ್ಬ ನೌಕರನ ಮೇಲೆ ಕಂಪನಿಗೆ ಬೀಳುವ ಒಟ್ಟು ಖರ್ಚು) ಅಂತ ಹೇಳುವುದರಲ್ಲಿ ಅವರು ಕಟ್ಟುವ ಪಿಎಫ್, ಗ್ರಾಚ್ಯುಟಿ, ಇನ್ಶೂರೆನ್ಸ್, ಬಂದರೆ ಬಂತು ಅನ್ನುವ ಬೋನಸ್ಸು ಎಲ್ಲ ಸೇರಿರುತ್ತದೆ. ಆಮೇಲೆ ಇವನ ಪಾಲಿನ ಪಿಎಫ್ ಬೇರೆ ಕಳೆಯಬೇಕು. ಕೈಗೆ 68, ಹೆಚ್ಚೆಂದರೆ 70 ಬರಬಹುದು. ಸದ್ಯ, ಇನ್‌ಕಮ್ ಟ್ಯಾಕ್ಸ್ ಕಾಟ ಅವನಿಗಿಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ ಸಂಬಳದವರಿಗೆ ವರ್ಷಕ್ಕೆ 12.75 ಲಕ್ಷದವರೆಗೆ ತೆರಿಗೆ ಬರುವುದಿಲ್ಲ.

ಈಗ ಖರ್ಚು. ಗೆಳೆಯನ ಜೊತೆ ಹಂಚಿಕೊಂಡ ಮನೆಯ ಬಾಡಿಗೆಯಲ್ಲಿ ಅವನ ಪಾಲು 18 ಸಾವಿರ ಅಂತಿಟ್ಟುಕೊಳ್ಳಿ. ಮೇಂಟೆನೆನ್ಸು, ಕರೆಂಟು, ಟ್ಯಾಂಕರ್ ನೀರು 3. ಊಟ 12, ಯಾಕೆಂದರೆ ಅಡಿಗೆ ಮಾಡುವ ಹೊತ್ತಿನಲ್ಲಿ ಅವನು ಟ್ರಾಫಿಕ್ಕಿನಲ್ಲಿ ನಿಂತಿರುತ್ತಾನೆ. ಓಡಾಟ 5. ಶನಿವಾರ ಭಾನುವಾರದ ಸುತ್ತಾಟ 6, ಅದನ್ನೂ ಬೇಡ ಅನ್ನಬೇಡಿ, ವಯಸ್ಸು. ಫೋನು, ಇನ್ಶೂರೆನ್ಸ್ 3. ಊರಿಗೆ ಬಂದು ಹೋಗುವುದು 3. ಓದಿಗೆ ಮಾಡಿದ ಸಾಲದ ಕಂತು 11. ಕೂಡಿಸಿದರೆ 61 ಸಾವಿರ. ಉಳಿದದ್ದು ಏಳೆಂಟು. ಒಂದು ಹಲ್ಲುನೋವು, ಒಬ್ಬ ಗೆಳೆಯನ ಮದುವೆ ಬಂದರೆ ಅದೂ ಹೋಯಿತು.

ಭಾವನ ಮಗನ ಲೆಕ್ಕ ನೋಡಿ. ಮನೆ ಅಜ್ಜ ಕಟ್ಟಿದ್ದು. ಅಕ್ಕಿ ಗದ್ದೆಯದ್ದು, ನೀರು ಕಾಯಿಸಲು ತೋಟದ ಸೌದೆ. ಮನೆಖರ್ಚಿಗೆ 14, ಪೆಟ್ರೋಲಿಗೆ 5, ಕಾರಿನ ಕಂತು 9. ಅವನಿಗೂ ಉಳಿಯುವುದು ಎಂಟೇ! ಆದರೆ ಅಂಗಳದಲ್ಲಿ ಕಾರು ನಿಂತಿದೆಯಲ್ಲ, ಅದು ನಿಮ್ಮ ಕಣ್ಣಿಗೆ ಬಿದ್ದಿದೆ. ಅವನ ಬಾಡಿಗೆಯನ್ನು ಅಜ್ಜ ನಲವತ್ತು ವರ್ಷದ ಹಿಂದೆಯೇ ಕಟ್ಟಿ ಮುಗಿಸಿದ್ದಾರೆ, ಅದು ಯಾವ ಸ್ಯಾಲರಿ ಸ್ಲಿಪ್ಪಿನಲ್ಲೂ ಬರುವುದಿಲ್ಲ. ಅದೇ 36 ಸಾವಿರಕ್ಕೆ ಬೀದರಿನಿಂದ ವರ್ಗವಾಗಿ ಬಂದ ಮೇಷ್ಟ್ರನ್ನು ಕೇಳಿ. ಇರುವ ಮನೆಗಳೆಲ್ಲ ಹೋಂಸ್ಟೇ ಆಗಿರುವ ಮಡಿಕೇರಿಯಲ್ಲಿ ಬಾಡಿಗೆ ಮನೆ ಹುಡುಕಿದ ಕಥೆ ಹೇಳುತ್ತಾರೆ.

ಇನ್ನೊಂದು ಮಾತು. ಕೊಡಗಿನಲ್ಲಿ ಖರ್ಚು ಕಡಿಮೆ ಅನ್ನುವುದು ಮೈ ಚೆನ್ನಾಗಿರುವವರೆಗೆ ಮಾತ್ರ. ದೊಡ್ಡ ಕಾಯಿಲೆ ಬಂದರೆ ಮೈಸೂರಿಗೋ ಮಂಗಳೂರಿಗೋ ಓಡಬೇಕು, ಜೊತೆಗೆ ಹೋದವರ ಲಾಡ್ಜು ಊಟ ಬೇರೆ. ಜಿಲ್ಲೆಗೆ ರೈಲಿಲ್ಲ, ಹಾಗಾಗಿ ಇಲ್ಲಿ ಗಾಡಿ ಶೋಕಿ ಅಲ್ಲ, ಅವಶ್ಯಕತೆ.

ಮಗನ ಹತ್ತಿರ ಒಂದೇ ಒಂದು ವಿಷಯ ಕೇಳಿ: ಕ್ರೆಡಿಟ್ ಕಾರ್ಡಿನ ಬಿಲ್ ಪೂರ್ತಿ ಕಟ್ಟುತ್ತಿದ್ದಾನಾ, 'ಮಿನಿಮಮ್' ಮಾತ್ರ ಕಟ್ಟುತ್ತಿದ್ದಾನಾ? ಮಿನಿಮಮ್ ಆದರೆ ಬಾಕಿಗೆ ವರ್ಷಕ್ಕೆ ನೂರಕ್ಕೆ ನಲವತ್ತರ ಆಸುಪಾಸು ಬಡ್ಡಿ ಬೀಳುತ್ತದೆ. ಹಾಗಿದ್ದರೆ ಐದು ಸಾವಿರ ಹಾಕುವ ಬದಲು ಒಂದೇ ಸಲ ಆ ಬಾಕಿ ತೀರಿಸಿ, ಕಾರ್ಡು ಒಳಗಿಡಲು ಹೇಳಿ.

ಕುಶಾಲನಗರದ ಹತ್ತಿರ ರೆಸಾರ್ಟಿನಲ್ಲಿ ಫ್ರಂಟ್ ಆಫೀಸ್ ಕೆಲಸ. 24 ಸಾವಿರ, ಊಟ, ರೂಮು ಅವರದ್ದೇ. ದುಬೈನಲ್ಲಿ 5,000 ದಿರ್ಹಾಮ್ ಕೊಡಿಸುತ್ತೇನೆ, ಅಂದ್ರೆ 1 ಲಕ್ಷದ 20 ಸಾವಿರ ಅಂತ ಏಜೆಂಟ್ ಹೇಳುತ್ತಾರೆ. ಹೋಗಲಾ?
— 27 ವರ್ಷದ ಓದುಗ, ಕುಶಾಲನಗರ

ಒಬ್ಬರೇ ಹೋಗುವುದಾದರೆ, ಕಾಗದಪತ್ರ ಸರಿ ಇದ್ದರೆ, ಹೋಗಿ. ಏಜೆಂಟ್ ಮಾಡಿದ ಗುಣಾಕಾರ ಸರಿಯೇ, ಈಚೆಗೆ ಒಂದು ದಿರ್ಹಾಮ್‌ಗೆ ಸುಮಾರು 24 ರೂಪಾಯಿ ಇದೆ. ಆದರೆ ನೀವು ಅಲ್ಲಿ ಊಟ ಮಾಡುವಾಗ ರೂಪಾಯಿ ಕೊಡುವುದಿಲ್ಲ, ಅಲ್ವಾ? ಅಲ್ಲಿ ತಿನ್ನುವುದಕ್ಕೆ ಅಲ್ಲಿಯ ಬೆಲೆ. ಮನೆಗೆ ಕಳಿಸುವುದಕ್ಕೆ ಮಾತ್ರ ಈ 24ರ ಮಗ್ಗಿ.

ಬೆಡ್ ಸ್ಪೇಸ್ ಅಂತ ಹೇಳುತ್ತಾರೆ, ಒಂದು ರೂಮಿನಲ್ಲಿ ನಾಲ್ಕೋ ಆರೋ ಜನ, ನಿಮಗೆ ಒಂದು ಮಂಚ. ಅದಕ್ಕೆ ಸಾವಿರ ದಿರ್ಹಾಮ್‌ನಷ್ಟು ಹಿಡಿಯಿರಿ. ಊಟಕ್ಕೆ 900, ಬಸ್ಸು ಮೆಟ್ರೋ 400, ಫೋನು ಸೋಪು ಕ್ಷೌರ 200. ಉಳಿದದ್ದು 2,500 ದಿರ್ಹಾಮ್, ಊರಿಗೆ ಬರುವಾಗ 60 ಸಾವಿರ. ಇಲ್ಲಿ ನೀವು ಕಷ್ಟಪಟ್ಟರೆ 15 ಉಳಿಸುತ್ತೀರಿ. ನಾಲ್ಕು ಪಟ್ಟು. ಸಂಬಳಕ್ಕೆ ಅಲ್ಲಿ ಇನ್‌ಕಮ್ ಟ್ಯಾಕ್ಸ್ ಕೂಡ ಇಲ್ಲ.

ಮದುವೆಯಾಗಿ ಹೆಂಡತಿಯನ್ನು ಕರೆದುಕೊಂಡು ಹೋಗುತ್ತೇನೆ ಅಂದರೆ ಲೆಕ್ಕ ತಲೆಕೆಳಗು. ತಿಂಗಳಿಗೆ 4,000 ದಿರ್ಹಾಮ್ ಇದ್ದವರು ಸಂಸಾರಕ್ಕೆ ವೀಸಾ ಮಾಡಿಸಬಹುದು ಅಂತ ಅಲ್ಲಿಯ ನಿಯಮ ಇದೆ. ವೀಸಾ ಸಿಗುತ್ತದೆ, ಮನೆ ಬಾಡಿಗೆ ಕೊಟ್ಟ ಮೇಲೆ ಸಂಸಾರ ಮಾಡಲು ಏನು ಉಳಿಯುತ್ತದೆ ಅನ್ನುವುದು ಬೇರೆ ವಿಷಯ. ಒಂಟಿಯವನಿಗೆ ಜಾಸ್ತಿ ಅನ್ನಿಸಿದ 5,000, ಜೋಡಿಗೆ ಬಡತನ.

ಕಾಗದದಲ್ಲಿ ಎರಡು ನೋಡಿ. 5,000ದಲ್ಲಿ ಬೇಸಿಕ್, ಅಂದರೆ ಮೂಲ ವೇತನ, ಎಷ್ಟು? ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಬೇಸಿಕ್ ಮೇಲೆ ಮಾತ್ರ ಲೆಕ್ಕ. ಇನ್ನೊಂದು, ಕೆಲಸಕ್ಕೆ ತೆಗೆದುಕೊಳ್ಳುವ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡುವಂತಿಲ್ಲ ಅಂತ ಅಲ್ಲಿಯ ಕಾನೂನು ಹೇಳುತ್ತದೆ. ನಮ್ಮ ದೇಶದ ನೋಂದಾಯಿತ ಏಜೆಂಟ್ ಸೇವಾ ಶುಲ್ಕ ಅಂತ 30 ಸಾವಿರ ಮತ್ತು ಜಿಎಸ್‌ಟಿ ಬಿಟ್ಟು ಜಾಸ್ತಿ ಕೇಳುವ ಹಾಗಿಲ್ಲ. ಲಕ್ಷ ಕೇಳಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಅಕ್ಕನ ಮಗ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದಾನೆ, ವರ್ಷಕ್ಕೆ 1,20,000 ಡಾಲರ್. ಕೋಟಿ ಸಂಬಳ! ಪುತ್ತರಿಗೆ ಬಂದಾಗ 'ನಾವು ಮಿಡಲ್ ಕ್ಲಾಸ್ ಮಾವ' ಅಂದ. ಇದು ಯಾವ ಸೀಮೆ ಮಿಡಲ್ ಕ್ಲಾಸ್?
— ಶನಿವಾರಸಂತೆಯ ಮಾವ

ಹುಡುಗ ಸುಳ್ಳು ಹೇಳಿಲ್ಲ. ಅಮೆರಿಕದ ವಸತಿ ಇಲಾಖೆ ಪ್ರತಿ ವರ್ಷ ಒಂದೊಂದು ಪ್ರದೇಶಕ್ಕೂ ಕಡಿಮೆ ಆದಾಯದ ಗೆರೆ ಎಳೆಯುತ್ತದೆ, ಆ ಜಾಗದ ಜನ ಎಷ್ಟು ದುಡಿಯುತ್ತಾರೆ, ಮನೆ ಬಾಡಿಗೆ ಎಷ್ಟು ನೋಡಿಕೊಂಡು. 2018ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕಡೆ ನಾಲ್ಕು ಜನರ ಸಂಸಾರಕ್ಕೆ ಆ ಗೆರೆ 1,17,400 ಡಾಲರ್ ಇತ್ತು. ಅಂದರೆ ಅಷ್ಟು ದುಡಿದರೂ ವಸತಿ ನೆರವಿನ ಲೆಕ್ಕದಲ್ಲಿ 'ಕಡಿಮೆ ಆದಾಯ'! ಅದೇ ದೇಶದಲ್ಲಿ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರಿಗೇ ನಿಂತಿದೆ. ರಾಜ್ಯಗಳು ತಮ್ಮದು ಜಾಸ್ತಿ ಮಾಡಿಕೊಂಡಿವೆ, ಕೆಲವು ಮಾಡಿಲ್ಲ. ಆದ್ದರಿಂದ 'ಅಮೆರಿಕದಲ್ಲಿ ಎಷ್ಟು' ಅಂತ ಕೇಳುವುದೇ ತಪ್ಪು, ಅಮೆರಿಕದ ಯಾವ ಊರಲ್ಲಿ ಅಂತ ಕೇಳಬೇಕು.

ಎಕನಾಮಿಸ್ಟ್ ಪತ್ರಿಕೆಯವರು 1986ರಿಂದ ಒಂದು ತಮಾಷೆಯ ಅಳತೆ ಇಟ್ಟುಕೊಂಡಿದ್ದಾರೆ. ಬೇರೆ ಬೇರೆ ದೇಶದಲ್ಲಿ ಮೆಕ್‌ಡೊನಾಲ್ಡ್ಸ್‌ನ ಬಿಗ್ ಮ್ಯಾಕ್ ಅನ್ನುವ ಒಂದೇ ಬರ್ಗರಿನ ಬೆಲೆ ನೋಡಿ ದುಡ್ಡಿನ ತಾಕತ್ತು ತೂಗುವುದು. ನಮ್ಮಲ್ಲಿ ದನದ ಮಾಂಸದ ಬಿಗ್ ಮ್ಯಾಕ್ ಇಲ್ಲ, ಅದಕ್ಕೆ ಕೋಳಿಯ ಮಹಾರಾಜ ಮ್ಯಾಕ್ ಲೆಕ್ಕ. ನನ್ನದು ನಮ್ಮ ಕಡಂಬುಟ್ಟು-ಪಂದಿಕರಿ (ಅಕ್ಕಿ ಕಡುಬು, ಹಂದಿ ಸಾರು) ಅಳತೆ. ಗೋಣಿಕೊಪ್ಪದ ಸಣ್ಣ ಹೋಟೆಲಿನಲ್ಲಿ ತಿಂದದ್ದನ್ನೇ ಬೆಂಗಳೂರಿನ ಎಸಿ ಹೋಟೆಲಿನಲ್ಲಿ ತಿಂದು ನೋಡಿ. ಬಿಲ್ ದುಪ್ಪಟ್ಟು ದಾಟುತ್ತದೆ, ಸಾರಿಗೆ ಹಾಕುವ ನಮ್ಮ ಹುಳಿ, ಕಾಚಂಪುಳಿ, ಮಾತ್ರ ಹುಡುಕಬೇಕು.

ಆದರೆ ಮಾವ, ಅಳಿಯನಿಗೆ ಒಂದು ಅನುಕೂಲ ಇದೆ, ಅದನ್ನು ಅವನು ಹೇಳಿರುವುದಿಲ್ಲ. ಅಲ್ಲಿ ಉಳಿಸಿದ ಡಾಲರನ್ನು ಶನಿವಾರಸಂತೆಯಲ್ಲಿ ಖರ್ಚು ಮಾಡಿದರೆ ಅವನು ನಿಜವಾಗಿಯೂ ಸಾಹುಕಾರ. ಮುಂದಿನ ಪುತ್ತರಿಗೆ ಬಂದಾಗ ಊಟದ ಖರ್ಚು ಅವನ ತಲೆಗೆ ಹಾಕಿ.

ಜಾಸ್ತಿ ಸಂಬಳ ಅಂದ್ರೆ ಇಷ್ಟು ಅಂತ ಸರ್ಕಾರದ್ದೊಂದು ಅಳತೆ ಇಲ್ವಾ?
— ಸೋಮವಾರಪೇಟೆ

ಹಾಗೆ ಒಂದು ಸಂಖ್ಯೆ ಇಲ್ಲ. ಆದರೆ ಊರು ಬದಲಾದರೆ ಸಂಬಳದ ಬೆಲೆ ಬದಲಾಗುತ್ತದೆ ಅಂತ ಸರ್ಕಾರ ಒಪ್ಪಿಕೊಂಡಿದೆ. ಕೇಂದ್ರ ನೌಕರರ ಮನೆ ಬಾಡಿಗೆ ಭತ್ಯೆ ನೋಡಿ: ಬೆಂಗಳೂರಿನಲ್ಲಿ ಮೂಲ ವೇತನದ ನೂರಕ್ಕೆ 30, ಮೈಸೂರು, ಮಂಗಳೂರಿನಲ್ಲಿ 20, ಮಡಿಕೇರಿಯಂಥ ಊರಿನಲ್ಲಿ 10. ರಾಜ್ಯ ಸರ್ಕಾರದಲ್ಲಿ 2024ರ ಆಗಸ್ಟ್‌ನಿಂದ ತೀರಾ ಕೆಳಗಿನ ಮೂಲ ವೇತನವೇ 27 ಸಾವಿರ. ನಮ್ಮ ಪೇಟೆಯ ಅಂಗಡಿಗಳಲ್ಲಿ ಹತ್ತು ವರ್ಷ ದುಡಿದವರಿಗೂ ಅಷ್ಟು ಸಿಗುವುದು ಅಪರೂಪ, ಅದಕ್ಕೇ ಇಲ್ಲಿ ಗವರ್ನಮೆಂಟ್ ಕೆಲಸ ಅಂದರೆ ಇನ್ನೂ ಅಷ್ಟು ಬೆಲೆ.

ಮಗಳಿಗೆ ಎರಡು ಸಂಬಂಧ ಬಂದಿವೆ. ಒಬ್ಬನಿಗೆ ಬೆಂಗಳೂರಿನಲ್ಲಿ ತಿಂಗಳಿಗೆ 1 ಲಕ್ಷ. ಇನ್ನೊಬ್ಬನಿಗೆ 10 ಎಕರೆ ರೋಬಸ್ಟ ಕಾಫಿ ತೋಟ, ಕೆಲಸ ಇಲ್ಲ. ಯಾರ ಆದಾಯ ಜಾಸ್ತಿ?
— ಪೊನ್ನಂಪೇಟೆಯ ತಂದೆ

ಮಗಳನ್ನು ಕೇಳಿದಿರಾ? ಅವಳನ್ನು ಕೇಳಿ, ಆಮೇಲೆ ನನ್ನನ್ನು. ಇರಲಿ, ಆದಾಯದ ಪ್ರಶ್ನೆ ಕೇಳಿದ್ದೀರಿ, ಅಷ್ಟಕ್ಕೆ ಹೇಳುತ್ತೇನೆ.

ಮೊದಲಿಗೆ, ತೋಟ ಇದ್ದವನನ್ನು 'ಕೆಲಸ ಇಲ್ಲ' ಅನ್ನಬೇಡಿ. ಫೆಬ್ರವರಿಯಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಬರದಿದ್ದರೆ ರಾತ್ರಿಯಿಡೀ ಸ್ಪ್ರಿಂಕ್ಲರ್ ಪೈಪು ಎಳೆದಾಡುವವನು ಅವನೇ. ಎಕರೆಗೆ 12 ಮೂಟೆ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಅಂದುಕೊಂಡರೆ, 50 ಕೆಜಿಯ ಮೂಟೆ, 10 ಎಕರೆಗೆ 120 ಮೂಟೆ. 2020ರ ಸುಮಾರಿಗೆ ಮೂಟೆಗೆ ನಾಲ್ಕು ಸಾವಿರದೊಳಗೇ ಇತ್ತು. 3,500ರಂತೆ 4.20 ಲಕ್ಷ. ಗೊಬ್ಬರ, ಕಳೆ, ಮರ ಕಪಾತು, ಕುಯ್ಲು, ಕಣದ ಕೆಲಸ ಎಲ್ಲ ಕಳೆದರೆ ಕೈಯಿಂದ ಹಾಕಬೇಕು. ಆಗ ಒಳ್ಳೆಮೆಣಸು ಬಳ್ಳಿ ಮಾನ ಉಳಿಸಿತು. ವಿಯೆಟ್ನಾಂನಲ್ಲಿ ಬರ ಬಿದ್ದು ಅಲ್ಲಿಯ ರೋಬಸ್ಟ ಕಡಿಮೆಯಾಯಿತು, 2024ರಲ್ಲಿ ನಮ್ಮ ಚೆರ್ರಿ ಹತ್ತು ಸಾವಿರ ದಾಟಿತು. ಅದೇ ತೋಟ, ಅದೇ ಗಿಡ, 12 ಲಕ್ಷ. ಖರ್ಚು ಅರ್ಧ ಹೋದರೂ 6 ಲಕ್ಷ, ತಿಂಗಳಿಗೆ 50 ಸಾವಿರ.

ಲಕ್ಷದ ಸಂಬಳ ಕಾಗದದ ಮೇಲೆ ಈಗಲೂ ಜಾಸ್ತಿಯೇ. ಆದರೆ ತೋಟದವನಿಗೆ ಬಾಡಿಗೆ ಇಲ್ಲ, ಜಾಗದ ಬೆಲೆ ಬೇರೆ ಇದೆ. ಹಾಗಂತ ಜಮ್ಮಾ ಜಾಗವಾಗಿದ್ದರೆ, ಅಂದರೆ ಮನೆತನಕ್ಕೆ ಹಿಂದಿನಿಂದ ಬಂದ ಜಾಗವಾಗಿದ್ದರೆ, ಒಕ್ಕದವರೆಲ್ಲರ (ಮನೆತನದವರೆಲ್ಲರ) ಹೆಸರು ಪಹಣಿಯಲ್ಲಿದ್ದರೆ, ಆ ಬೆಲೆಯನ್ನು ಮಾರಿ ತಿನ್ನಲು ಆಗುವುದಿಲ್ಲ. ನಾನು ಬ್ಯಾಂಕಿನಲ್ಲಿದ್ದಾಗ ಎಷ್ಟೋ ಸಲ ನೋಡಿದ್ದೇನೆ: 10 ಎಕರೆಯ ಯಜಮಾನರು ಕಾರಿನ ಸಾಲಕ್ಕೆ ಎರಡು ಕಂತೆ ಕಾಗದ ಹಿಡಿದುಕೊಂಡು ವಾರಗಟ್ಟಲೆ ತಿರುಗುವರು, ಅವರ ತಮ್ಮ ಬೆಂಗಳೂರಿನಿಂದ ಮೂರು ಸ್ಯಾಲರಿ ಸ್ಲಿಪ್ ಕಳಿಸಿ ಸಾಲ ತೆಗೆದುಕೊಂಡು ಹೋಗುವನು. ಹುಡುಗನ ಆದಾಯ ಎಷ್ಟು ಅಂತ ಕೇಳುವ ಬದಲು, 2020ರಲ್ಲಿ ಮನೆ ಹೇಗೆ ನಡೆಸಿದಿರಿ ಅಂತ ಕೇಳಿ. ತೋಟದವನನ್ನೂ ಕೇಳಿ, ಕಂಪನಿಯವನನ್ನೂ ಕೇಳಿ.

ನಮ್ಮ ತೋಟಕ್ಕೆ ಅಸ್ಸಾಂನಿಂದ ಜನ ಬರುತ್ತಾರೆ. ರೈಲಿನಲ್ಲಿ ಮೂರು ದಿನ. ಇಷ್ಟು ಕೂಲಿಗೆ ಅಷ್ಟು ದೂರದಿಂದ ಯಾಕೆ ಬರುತ್ತಾರೆ?
— ಸಿದ್ದಾಪುರ

ಕುಶಾಲನಗರದ ಹುಡುಗ ದುಬೈಗೆ ಯಾಕೆ ಹೊರಟಿದ್ದಾನೋ ಅದಕ್ಕೇ. ಅಸ್ಸಾಂನ ಬ್ರಹ್ಮಪುತ್ರ ಕಣಿವೆಯ ಟೀ ತೋಟಗಳಲ್ಲಿ 2023ರ ಅಕ್ಟೋಬರಿನಲ್ಲಿ ಏರಿಸಿದ ಮೇಲೆ ದಿನಗೂಲಿ ಆದದ್ದು 250 ರೂಪಾಯಿ. ಬರಾಕ್ ಕಣಿವೆಯಲ್ಲಿ 228. ಇಲ್ಲಿ ಬರುವವರೆಲ್ಲ ಟೀ ತೋಟದವರಲ್ಲ, ಆದರೂ ಆ ಕಡೆಯ ಕೂಲಿಯ ಅಂದಾಜು ಸಿಗುತ್ತದೆ. ನಮ್ಮ ಕಡೆ ಈಗ ಐನೂರರ ಆಸುಪಾಸು ನಡೆಯುತ್ತಿದೆ, ಕುಯ್ಲಿನಲ್ಲಿ ಕೆಜಿ ಲೆಕ್ಕ ಆದ್ದರಿಂದ ಗಂಡ ಹೆಂಡತಿ ಇಬ್ಬರೂ ಚುರುಕಾಗಿದ್ದರೆ ಇನ್ನೂ ಜಾಸ್ತಿ. ತೋಟದಲ್ಲಿ ಕೆಲಸದವರಿಗೆ ಸಾಲಾಗಿ ಕಟ್ಟಿರುವ ಲೈನ್ ಮನೆಗೆ ಬಾಡಿಗೆ ಇಲ್ಲ, ಸೌದೆ ತೋಟದ್ದು. ಉಳಿಸಿದ್ದನ್ನು ಅವರು ಖರ್ಚು ಮಾಡುವುದು ಇಲ್ಲಿ ಅಲ್ಲ, ಅಲ್ಲಿ.

ನಿಮಗೆ 'ಇಷ್ಟು ಕೂಲಿ' ಅನ್ನಿಸಿದ್ದು ಅವರಿಗೆ ಅಷ್ಟು ಕೂಲಿ. ಕೇರಳದವರು ಇನ್ನೂ ಜಾಸ್ತಿ ಕೊಡುತ್ತಾರೆ ಅಂತ ಅವರಿಗೂ ಗೊತ್ತು, ಕುಟ್ಟ ದಾಟಿದರೆ ವಯನಾಡು. ಮುಂದಿನ ಕುಯ್ಲಿಗೂ ಇವರೇ ಬರಬೇಕು ಅಂತಿದ್ದರೆ, ಮಳೆಗೆ ಮೊದಲು ಲೈನ್ ಮನೆಯ ಹೆಂಚು ಸರಿಮಾಡಿಸಿ.