ಕರು ಮಾರುವ ಮೊದಲು ಮಗಳಿಗೆ ಹೇಳಿ

ಬದಿಯಡ್ಕದ ಹತ್ತಿರದಿಂದ ಬರೆದ ಸಹೋದರಿಗೆ,

ಉಳಿದ ಓದುಗರಿಗೂ ತಿಳಿಯಲಿ ಎಂದು ನಿಮ್ಮ ಪತ್ರದ ಸಾರವನ್ನು ಇಲ್ಲಿ ಹೇಳುತ್ತೇನೆ. ಒಂದೂವರೆ ಎಕರೆ ಅಡಿಕೆ ತೋಟ, ಎರಡು ಗಿಡ್ಡ ದನ, ಒಂದಷ್ಟು ಕೋಳಿ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ನಾಲ್ಕು. ಈಗ ಹೋರಿಕರುವನ್ನು ಮಾರಬೇಕಾಗಿದೆ. ಅದಕ್ಕೆ ಹೆಸರಿಟ್ಟು ಮುದ್ದು ಮಾಡಿದವಳು ಮಗಳು. ಅವಳು ಶಾಲೆಗೆ ಹೋದಾಗ ಕೊಟ್ಟುಬಿಡೋಣ, ‘ಗುಡ್ಡೆಗೆ ಮೇಯಲು ಹೋದದ್ದು ವಾಪಸ್ ಬರಲಿಲ್ಲ’ ಅಂದರಾಯಿತು ಎನ್ನುತ್ತಾರೆ ನಿಮ್ಮ ಯಜಮಾನರು. ಇದರ ಮೇಲೆ, ಹಟ್ಟಿ ಕೆಲಸ ಮಾಡಿಸಿ ಮಕ್ಕಳ ಓದು ಹಾಳು ಮಾಡುತ್ತಿದ್ದೀರಿ ಎಂದು ನೆಂಟರ ಮಾತು ಬೇರೆ.

ಆ ಸುಳ್ಳು ಬೇಡ. ಅವರು ಪ್ರೀತಿಯಿಂದಲೇ ಹೇಳಿದ್ದಾರೆ, ಒಪ್ಪುತ್ತೇನೆ. ಆದರೆ ಕರು ಕಾಣೆಯಾಗಿದೆ ಎಂದರೆ ಮಗು ಸುಮ್ನೆ ಕೂರುವುದಿಲ್ಲ. ಗುಡ್ಡೆ ಹತ್ತುತ್ತಾಳೆ, ಹೆಸರು ಹಿಡಿದು ಕೂಗುತ್ತಾಳೆ. ಹಗ್ಗ ನಾನೇ ಸರಿಯಾಗಿ ಕಟ್ಟಲಿಲ್ಲವೋ ಏನೋ ಎಂದು ಕೊರಗುತ್ತಾಳೆ. ಮಾಡದ ತಪ್ಪನ್ನು ಅವಳ ತಲೆಗೆ ಕಟ್ಟಿದ ಹಾಗಾಗುತ್ತದೆ, ಅಲ್ವಾ? ನಿಜ ಗೊತ್ತಾದರೆ ಒಂದಷ್ಟು ದಿನ ಅಳುತ್ತಾಳೆ. ಅಳಲಿ. ನಿಮ್ಮ ಮೇಲೆ ಸಿಟ್ಟಾದರೆ ಅದನ್ನೂ ತಡೆದುಕೊಳ್ಳಿ. ‘ಇನ್ನೊಂದು ಕರು ಬರುತ್ತದೆ ಬಿಡು’ ಎಂದು ಮಾತ್ರ ಆ ಹೊತ್ತಿಗೆ ಹೇಳಬೇಡಿ. ಅವಳಿಗೆ ಬೇಕಾದದ್ದು ಈ ಕರು.

ಒಂದೆರಡು ವಾರ ಮೊದಲೇ ಹೇಳಿ, ಕಾರಣ ಸಮೇತ. ತೋಟದ ಹುಲ್ಲು ಎಷ್ಟು ಬುಟ್ಟಿ ಆಗುತ್ತದೆ ಎಂದು ಅವಳಿಗೆ ಗೊತ್ತು. ಬೇಸಿಗೆಯಲ್ಲಿ ಬೈಹುಲ್ಲಿಗೆ ದುಡ್ಡು ಕೊಡುವುದನ್ನು ಅವಳೇ ನೋಡಿದ್ದಾಳೆ. ದೊಡ್ಡವರ ಲೆಕ್ಕ ಅವಳಿಗೆ ಅರ್ಥವಾಗುತ್ತದೆ. ‘ಕಟುಕರಿಗೆ ಕೊಡುತ್ತೀರಾ?’ ಎಂದೂ ಕೇಳಿಯಾಳು. ಗುರುತಿಲ್ಲದ ವ್ಯಾಪಾರಿಗೆ ಕೊಟ್ಟರೆ ಕರು ಎಲ್ಲಿ ಸೇರುತ್ತದೆ ಎಂದು ನಿಮಗೂ ಗೊತ್ತಿರುವುದಿಲ್ಲ. ಆಗ ‘ಒಳ್ಳೆಯ ಮನೆಗೆ ಹೋಗಿದೆ’ ಎನ್ನುವುದು ಇನ್ನೊಂದು ಸುಳ್ಳು.

ಹಾಗಾಗಿ ಸಾಕುವವರನ್ನೇ ಹುಡುಕಿ. ನಿಮ್ಮದು ಕಾಸರಗೋಡು ಗಿಡ್ಡ, ನಮ್ಮ ಊರಿನದೇ ಪುಟ್ಟ ದನದ ತಳಿ, ನೆನಪಿರಲಿ. ಪರವಾನಗಿ ಇಲ್ಲದ ಹೋರಿಗಳನ್ನು ತಳಿಗೆ ಬಿಡುವಂತಿಲ್ಲ ಎಂದು 1961ರಲ್ಲಿ ಕೇರಳದಲ್ಲಿ ಜಾನುವಾರು ಸುಧಾರಣೆಯ ಕಾನೂನು ಬಂತು. ಮಿಶ್ರತಳಿಗೆ ಜಾಸ್ತಿ ಬೆಲೆ ಬಂತು, ಊರ ಹೋರಿ ಮೂಲೆಗೆ ಸರಿಯಿತು. ತೆಂಕಣದ ವೆಚ್ಚೂರು ದನ ಅಳಿದೇ ಹೋಗುವುದರಲ್ಲಿತ್ತು. 1989ರಲ್ಲಿ ಪಶುತಳಿ ವಿಜ್ಞಾನಿ ಡಾ. ಶೋಶಮ್ಮ ಐಪ್ ಮತ್ತು ಅವರ ವಿದ್ಯಾರ್ಥಿಗಳು ಊರೂರು ಅಲೆದು, ಉಳಿದಿದ್ದ ದನಗಳನ್ನು ಹುಡುಕಿ ತಂದು ಆ ತಳಿಯನ್ನು ಉಳಿಸಿದರು. ಒಳ್ಳೆಯ ಹೋರಿಕರು ಇಲ್ಲದೆ ಯಾವ ತಳಿಯೂ ಉಳಿಯುವುದಿಲ್ಲ. ನಿಮ್ಮ ಹತ್ತಿರದ ಬೇಳದಲ್ಲಿ ಗಿಡ್ಡ ತಳಿಗೆಂದೇ ಸರಕಾರಿ ಫಾರ್ಮ್ ಇದೆ. ಅಲ್ಲಿ ಒಮ್ಮೆ ವಿಚಾರಿಸಿ. ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ.

ಇನ್ನು ನೆಂಟರ ಮಾತು. ಶಾಲೆ ತಪ್ಪಿಸಿ ಕೆಲಸ ಮಾಡಿಸಿದರೆ ಅವರು ಹೇಳುವುದು ಸರಿ. ನೀವು ಬರೆದದ್ದು ಹಾಗಿಲ್ಲ. ದನಗಳಿಗೆ ಕುಡಿಯಲು ಅಕ್ಕಚ್ಚು ಇಡುವುದು, ಹಟ್ಟಿಗೆ ತರಗೆಲೆ ಹಾಸುವುದು, ಸಂಜೆ ಕೋಳಿಗೂಡಿನ ಬಾಗಿಲು ಹಾಕುವುದು ಅವಳ ಪಾಲಿನ ಕೆಲಸ. ಕಾವು ಕೂತ ಕೋಳಿಯ ಇಪ್ಪತ್ತೊಂದು ದಿನವನ್ನು ಅವಳು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾಳೆ. ಶಾಲೆಯಲ್ಲಿ ಕನ್ನಡ ಓದಿ, ಮೃಗಾಸ್ಪತ್ರೆಯ ಚೀಟಿಯಲ್ಲಿರುವ ಮಲಯಾಳವನ್ನು ಅಜ್ಜಿಗೆ ಓದಿ ಹೇಳುತ್ತಾಳೆ. ಕುಡಿಯಲು ಬಾರದ ಕರುವಿನ ಬಾಯಿಗೆ ಬೆರಳಿಟ್ಟು, ಚೀಪಿಸುತ್ತಾ ಚೀಪಿಸುತ್ತಾ ಮೂತಿಯನ್ನು ಮೆಲ್ಲಗೆ ಹಾಲಿನ ಪಾತ್ರೆಗೆ ಇಳಿಸಿದ್ದೂ ಅವಳೇ ಅಂತೆ. ಆ ತಾಳ್ಮೆ ಇರುವ ಹುಡುಗಿಯ ಓದಿನ ಬಗ್ಗೆ ನನಗಂತೂ ಚಿಂತೆಯಿಲ್ಲ.

ನನಗೆ ಚಿಂತೆ ಇರುವುದು ಮಗನ ಬಗ್ಗೆ. ಗಿಡ್ಡ ಸಾಧು ಅನ್ನುತ್ತೀರಿ, ಆದರೆ ಹೊಸದಾಗಿ ಕರು ಹಾಕಿದ ದನ ಎಷ್ಟು ಚಿಕ್ಕದಾದರೂ ಹಾಯುತ್ತದೆ. ನಾಲ್ಕು ವರ್ಷದವನನ್ನು ಹಟ್ಟಿಗೆ ಒಬ್ಬನೇ ಬಿಡಬೇಡಿ. ಮಳೆಗಾಲದಲ್ಲಿ ಇಬ್ಬರ ಕಾಲಿಗೂ ಬೂಟು ಇರಲಿ. ಕಾಲಿನಲ್ಲಿ ಗಾಯವಿದ್ದು ಕೆಸರು ತುಳಿದರೆ ಇಲಿಜ್ವರದ ಭಯ. ನಾಯಿಯೋ ಬೆಕ್ಕೋ ಕಚ್ಚಿದರೆ, ಬರೀ ಪರಚಿದರೂ ಸರಿ, ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಆಗಿಂದಾಗಲೇ ಆಸ್ಪತ್ರೆಗೆ ಹೋಗಿ. ಇನ್ನು ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಕಲಸಿ ಅಡಿಕೆಗೆ ಬಿಡುವ ದಿನ ಮಕ್ಕಳೂ ದನಗಳೂ ತೋಟದ ಕಡೆ ಸುಳಿಯಬಾರದು. ಹನಿ ಬಿದ್ದ ಹುಲ್ಲಿನಲ್ಲಿ ತಾಮ್ರ ಕೂತಿರುತ್ತದೆ. ಒಂದೆರಡು ಜೋರು ಮಳೆ ಬಂದು ತೊಳೆಯುವ ತನಕ ಅದನ್ನು ಕೊಯ್ದು ಹಾಕಬೇಡಿ.

ಕರು ಕೊಡುವುದನ್ನು ರಜೆಯ ದಿನಕ್ಕೆ ಇಟ್ಟುಕೊಳ್ಳಿ, ಮಗಳು ಮನೆಯಲ್ಲಿರಲಿ. ಹಗ್ಗ ಅವಳೇ ಕೊಡುತ್ತಾಳೋ, ಒಳಗೆ ಹೋಗಿ ಕೂರುತ್ತಾಳೋ, ಅವಳಿಷ್ಟ. ಬೇಳದಲ್ಲಿ ಏನು ಹೇಳಿದರು ಎಂದು ನಮಗೂ ಬರೆಯಿರಿ. ಅಲ್ಲಿ ಆಗದಿದ್ದರೆ, ಗಿಡ್ಡ ಸಾಕುವ ಓದುಗರು ನಮ್ಮಲ್ಲಿ ಇದ್ದಾರೆ. ಕರುವಿನ ವಯಸ್ಸು, ಬಣ್ಣ, ತಾಯಿಯ ವಿವರ ಕಳಿಸಿ. ಮುಂದಿನ ಸಂಚಿಕೆಯಲ್ಲೇ ಹಾಕುತ್ತೇವೆ.

– ಸಂಪಾದಕ